ಮ್ಯಾನೇಜರ್ ತಾಯಿಯ ಭಾವಚಿತ್ರ

ಟೆಕ್ಸಸ್ಸಿನ ರೌಂಡ್ ರಾಕ್ ಊರಿನ ಉದಯಶಂಕರನಿಗೆ ಸಂಸಾರದಲ್ಲಿ ಇದ್ದದ್ದು ಒಂದೇ ಕೊರಗು. ನಾಲ್ಕು ಬೆಡ್‌ರೂಮು, ಎರಡು ಕಾರು ನಿಲ್ಲುವ ಗ್ಯಾರೇಜು ಇರುವ ಸ್ವಂತ ಮನೆಯಲ್ಲಿ ತನ್ನದೆಂಬ ಒಂದು ಚಿತ್ರ ತೂಗುಹಾಕಲು ಅವನಿಗೆ ಮೊಳೆಯಷ್ಟು ಗೋಡೆಯೂ ಇರಲಿಲ್ಲ. ಹಾಲಿನ ಗೋಡೆಯನ್ನು ಹೆಂಡತಿ ಕುಮುದಾ ಮೈಸೂರಿನಿಂದ ತಂದ ದಸರಾ ಆನೆಗಳು ಆಕ್ರಮಿಸಿದ್ದವು. ಊಟದ ಮನೆಯಲ್ಲಿ ದಿವಂಗತ ಮಾವನವರು ಪೇಟ ಕಟ್ಟಿಕೊಂಡು, ಅಳಿಯ ಎಷ್ಟು ತುಪ್ಪ ಬಡಿಸಿಕೊಳ್ಳುತ್ತಾನೆ ಎಂದು ನೋಡುತ್ತ ಕೂತಿದ್ದರು. ಮಲಗುವ ಕೋಣೆಯಲ್ಲಿ ಮದುವೆಯ ಫೋಟೋ. (ಅದರಲ್ಲಿ ಅವನ ಕಣ್ಣು ಮುಚ್ಚಿದೆ. ತೆರೆದದ್ದು ಆಮೇಲೆ.)

ಅವನು ತೂಗುಹಾಕಬೇಕೆಂದಿದ್ದ ಚಿತ್ರವಾದರೂ ಎಂಥದು? ಹಿಂದೆ ಅಮೆರಿಕದ ಗ್ಯಾರೇಜು, ಟೈರಂಗಡಿ, ಕ್ಷೌರದಂಗಡಿಗಳಲ್ಲೆಲ್ಲ ಒಂದು ಜಾತಿಯ ಕ್ಯಾಲೆಂಡರುಗಳು ತೂಗಾಡುತ್ತಿದ್ದವು. ಅದರಲ್ಲೊಬ್ಬಳು ನಗುಮೊಗದ ಸುಂದರಿ, ಅವಳಿಗೊಂದು ಸಣ್ಣ ಅವಘಡ, ಆ ಅವಘಡದಿಂದಾಗಿ ಲಂಗ ಇರಬೇಕಾದ ಜಾಗದಿಂದ ಒಂದು ಗೇಣು ಮೇಲೆ. ಇವುಗಳಿಗೆ ಪಿನ್-ಅಪ್ ಎಂದು ಹೆಸರು. ಕ್ಯಾಲೆಂಡರುಗಳು ಹರಿದುಹೋದವು. ಆದರೆ ಅವುಗಳನ್ನು ಅಚ್ಚು ಹಾಕಲು ಕಲಾವಿದರು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದುಕೊಟ್ಟ ಅಸಲು ಚಿತ್ರಗಳು ಅಲ್ಲಿ ಇಲ್ಲಿ ಉಳಿದುಕೊಂಡಿದ್ದವು. ಅವುಗಳನ್ನು ಹುಡುಕಿಕೊಂಡು ಅಲೆಯುವ ಒಂದು ಪಂಗಡವೇ ಇದೆ. ಇಂಟರ್‌ನೆಟ್ಟಿನ ದೆಸೆಯಿಂದ ಉದಯಶಂಕರನೂ ಅದಕ್ಕೆ ಸೇರಿಬಿಟ್ಟಿದ್ದ.

ಡ್ಯಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಆಫೀಸಿನ ಟ್ರೈನಿಂಗ್ ಇದೆ ಎಂದು ಮನೆಯಲ್ಲಿ ಹೇಳಿ, ಡ್ಯಾಲಸ್ಸಿನ ಹರಾಜಿನಲ್ಲಿ ಅವನು ತಂದದ್ದು ಗಾಳದ ಹುಡುಗಿಯ ಚಿತ್ರ. ಕೆರೆದಂಡೆಯಲ್ಲಿ ನಿಂತ ಹುಡುಗಿ ಮೀನಿಗೆ ಗಾಳ ಬೀಸಿದ್ದಾಳೆ. ಕೊಕ್ಕೆ ಹೋಗಿ ಅವಳ ಲಂಗದ ಅಂಚಿಗೇ ಸಿಕ್ಕಿಕೊಂಡಿದೆ. ಗದ್ದದ ಮೇಲೊಂದು ಮಚ್ಚೆ, ನಗುವ ಬಾಯಲ್ಲಿ ಈಗಷ್ಟೇ 'ಅಯ್ಯೋ' ಅಂದ ಗುರುತು. ಆ ನೀರಿನ ಹೊಳಪು, ಆ ಕೆನ್ನೆಯ ಮೇಲೆ ಬಿದ್ದ ಬಿಸಿಲು! ಉದಯಶಂಕರ ಅದನ್ನು ನಿಜವಾಗಿ ಪ್ರೀತಿಸಿದ್ದ. ಕಾಲುಗಳನ್ನು ನೋಡಲಿಲ್ಲವೇ ಎಂದರೆ, ನೋಡಿದ್ದ. ಆದರೆ ಬಿಸಿಲನ್ನೂ ನೋಡಿದ್ದ.

ತಂದ ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊದಲು ಗ್ಯಾರೇಜಿನಲ್ಲಿಟ್ಟ. ಟೆಕ್ಸಸ್ಸಿನ ಬಿಸಿಲಿಗೆ ಬಣ್ಣ ಕರಗೀತು ಎಂದು ಬಟ್ಟೆಯ ಬೀರುವಿಗೆ ಸಾಗಿಸಿದ. ಅಲ್ಲಿ ಕುಮುದಾಳ ಕೈ ಆಡುತ್ತದೆ ಎಂದು ಅತಿಥಿಗಳ ಕೋಣೆಯ ಮಂಚದ ಕೆಳಗೆ ತಳ್ಳಿದ. ಊಟದ ಮಧ್ಯೆ ಎದ್ದು "ಎ.ಸಿ. ಸದ್ದು ಮಾಡ್ತಿದೆ" ಎಂದು ಹೋಗಿ ಮಂಚದ ಕೆಳಗೆ ಬಗ್ಗಿ ಬರುತ್ತಿದ್ದ. ಅಷ್ಟರಲ್ಲಿ ಮಂಡ್ಯದಿಂದ ಅತ್ತೆ ತುಂಗಮ್ಮನವರು ಬಂದಿಳಿದರು. ಅತಿಥಿಗಳ ಕೋಣೆಗೆ ಅತಿಥಿಗಳು ಬರುತ್ತಾರೆಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ತುಂಗಮ್ಮನವರು ಸೂಟ್‌ಕೇಸ್ ತಳ್ಳಲು ಹೋದರೆ ಅದು ಒಳಗೆ ಹೋಗಲಿಲ್ಲ. ಅಡ್ಡ ಇದ್ದದ್ದನ್ನು ಎಳೆದರು.

"ಅಳಿಯಂದ್ರೇ, ಯಾರು ಈ ಹೆಣ್ಮಗಳು?"

ಉದಯಶಂಕರ ಬಾಗಿಲಲ್ಲಿ ನಿಂತಿದ್ದ. ಹಿಂದೆ ಕುಮುದಾ. ಸತ್ಯ ಹೇಳಲು ಅದು ಸಕಾಲವಾಗಿತ್ತು. ಆದರೆ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ.

"ನಮ್ಮ ಮ್ಯಾನೇಜರ್ ಗ್ಯಾರಿ ಇದಾನಲ್ಲ ಅತ್ತೆ, ಅವನ ತಾಯಿ."

"ಇಷ್ಟು ಚಿಕ್ಕೋರಾ?"

"ವಯಸ್ಸಲ್ಲಿದ್ದಾಗ ಬರೆಸಿದ್ದು. ಈಗ ಇಲ್ಲ, ಹೋದ ವರ್ಷ ತೀರಿಕೊಂಡ್ರು." (ನೋಡಿ, ಎಷ್ಟು ಸಲೀಸಾಗಿ ಒಂದು ಜೀವ ತೆಗೆದ!) "ಅವನ ಮನೇಲಿ ರಿಪೇರಿ ನಡೀತಿದೆ. ಮುಗಿಯೋ ತನಕ ಇಟ್ಕೊಂಡಿರಿ ಅಂತ ಕೊಟ್ಟಿದಾನೆ."

"ಓ, ಗ್ಯಾರಿ ತಾಯಿನಾ?" ಎಂದಳು ಕುಮುದಾ. ಚಿತ್ರವನ್ನು ಚೆನ್ನಾಗಿ ನೋಡಿ, ಕುಕ್ಕರ್ ಕೂಗಿತೆಂದು ಅಡುಗೆಮನೆಗೆ ಹೋದಳು.

ತುಂಗಮ್ಮನವರಿಗೆ ಮಾತ್ರ ಕರುಳು ಕಿವುಚಿದಂತಾಯಿತು. "ಹೆತ್ತ ತಾಯಿನ ಮಂಚದ ಕೆಳಗೆ ಹಾಕಿದೀರಲ್ಲ! ಅವರಾದ್ರೂ ಏನಂದ್ಕೊಂಡಾರು?" ಎಂದು ಬೈದು, ಒಂದು ಆನೆಯನ್ನು ಇಳಿಸಿ, ಆ ಮೊಳೆಗೆ ಚಿತ್ರವನ್ನು ಹಾಕಿಸಿಯೇಬಿಟ್ಟರು. ಹಾಲಿನಲ್ಲಿ! ನಟ್ಟ ನಡುವೆ! ಆ ಸಂಜೆ ಉದಯಶಂಕರ ಸೋಫಾದ ಮೇಲೆ ಕಾಲು ಚಾಚಿ ಕೂತು, ಇಷ್ಟು ದಿನ ಸುಳ್ಳು ಹೇಳದೆ ಎಂಥ ದಡ್ಡನಾಗಿದ್ದೆ ಎಂದುಕೊಂಡ.

ಅವನ ನೆಮ್ಮದಿಯ ಆಯಸ್ಸು ಒಂದೇ ರಾತ್ರಿ. ಬೆಳಿಗ್ಗೆ ಎದ್ದು ನೋಡಿದರೆ ಹುಡುಗಿಯ ಕೊರಳಿಗೆ ಗಂಧದ ಚಕ್ಕೆಯ ಹಾರ, ಮುಂದೆ ದೀಪ, ಊದುಬತ್ತಿ. ಸೊಂಟದಿಂದ ಕೆಳಕ್ಕೆ ಹಸಿರು ರವಿಕೆ ಕಣವೊಂದನ್ನು ಪಿನ್ ಹಾಕಿ ಇಳಿಬಿಡಲಾಗಿತ್ತು.

"ಪಾಪ, ಬಟ್ಟೆ ಸಿಕ್ಕಾಕೊಂಡಿರೋವಾಗಲೇ ಬರ್ದವ್ನಲ್ಲ, ಹಾಳಾದೋನು. ಬಿಡಿಸ್ಕೊಳೋ ತನಕ ನಿಂತ್ಕೊಳಕ್ಕಾಗಿರಲಿಲ್ವಾ?" ಎಂದರು ತುಂಗಮ್ಮ. ಹಣೆಗೆ ಕುಂಕುಮ ಇಡಲು ಬೆರಳು ಚಾಚಿದಾಗ ಉದಯಶಂಕರ ಹಾರಿ ಕೈ ಹಿಡಿದುಕೊಂಡು, "ಅವರಲ್ಲಿ ಪದ್ಧತಿ ಇಲ್ಲ ಅತ್ತೆ!" ಎಂದು ಕಿರುಚಿದ. ಊದುಬತ್ತಿಯ ಹೊಗೆಗೆ ಬಣ್ಣ ಮಾಸೀತೆಂದು ದಿನಾ ಆಫೀಸಿಗೆ ಹೋಗುವಾಗ ಅದನ್ನು ದೂರ ಸರಿಸುವನು. ಸಂಜೆ ಬರುವಷ್ಟರಲ್ಲಿ ಅದು ಮತ್ತೆ ಹುಡುಗಿಯ ಮೂಗಿನ ಕೆಳಗೇ ಹೊಗೆಯಾಡುತ್ತಿರುವುದು. ಆಫೀಸಿನಲ್ಲಿ ಗ್ಯಾರಿ ಎದುರಾದರೆ ಸಾಕು, ಉದಯಶಂಕರನ ಮುಖ ಸೂತಕದ ಮನೆಗೆ ಹೋದ ಹಾಗೆ ಸಪ್ಪಗಾಗುತ್ತಿತ್ತು.

ಹೀಗಿರುವಾಗ ಡ್ಯಾಲಸ್ಸಿನ ಚಿತ್ರವ್ಯಾಪಾರಿಯ ಫೋನು ಬಂತು. ಆ ಹುಡುಗಿ ಬದುಕಿದ್ದಾಳಂತೆ! ಹೆಸರು ವಾಂಡಾ. ಎಪ್ಪತ್ತು ದಾಟಿದ ಮುದುಕಿ. ರೌಂಡ್ ರಾಕಿಗೆ ಕೂಗಳತೆಯ ಜಾರ್ಜ್‌ಟೌನಿನಲ್ಲೇ, ವಯಸ್ಸಾದವರಿಗೆಂದು ಕಟ್ಟಿರುವ ಹೊಸ ಕಾಲೋನಿಯಲ್ಲಿ ವಾಸ. ಕಲಾವಿದನ ಮುಂದೆ ಗಾಳ ಹಿಡಿದು ನಿಂತವಳೇ ಚಿತ್ರದ ಬೆನ್ನಿಗೆ ಸಹಿ ಹಾಕಿಬಿಟ್ಟರೆ, ಇದು ಅಸಲಿಯೋ ನಕಲಿಯೋ ಎಂದು ಮುಂದೆ ಯಾರೂ ತುಟಿ ಬಿಚ್ಚುವಂತಿಲ್ಲ. ಉದಯಶಂಕರ ಆಗಲೇ ಒಂದು ಒಳ್ಳೆಯ ಪೆನ್ನು ತೆಗೆದಿಟ್ಟ. ಚಿತ್ರವನ್ನು ಅಲ್ಲಿಗೇ ಒಯ್ಯೋಣವೆಂದರೆ ತುಂಗಮ್ಮನವರು ಒಪ್ಪಲಿಲ್ಲ: "ಪಿತೃಪಕ್ಷ ನಡೀತಿದೆ. ಹೋದೋರ ಫೋಟೋನ ಈಗ ಹೊಸಿಲು ದಾಟಿಸ್ತಾರಾ?" ಸರಿ, ವಾಂಡಾಳನ್ನೇ ಮನೆಗೆ ಕರೆದ. ಭಾನುವಾರ ಚರ್ಚು ಮುಗಿಸಿಕೊಂಡು ತಾನೇ ಡ್ರೈವ್ ಮಾಡಿಕೊಂಡು ಬರುತ್ತೇನೆ ಎಂದಳು. ಆ ಭಾನುವಾರ ತಾಯಿ ಮಗಳಿಬ್ಬರೂ ಹ್ಯೂಸ್ಟನ್ನಿನ ದೇವಸ್ಥಾನಕ್ಕೆ ಹೋಗುವವರಿದ್ದರು. ಇಂಥ ವ್ಯೂಹವನ್ನು ರಚಿಸಿದ ತನ್ನ ಬುದ್ಧಿಗೆ ಅವನೇ ತಲೆದೂಗಿದ.

ಶನಿವಾರ ಸಂಜೆ ತುಂಗಮ್ಮನವರು ಪಂಚಾಂಗ ನೋಡಿ ಕೂಗಿದರು: "ಅಯ್ಯೋ, ನಾಳೆನೇ ಮಹಾಲಯ ಅಮಾವಾಸ್ಯೆ! ಹಿರಿಯರಿಗೆ ಎಡೆ ಇಡದೆ ಯಾವ ದೇವಸ್ಥಾನ? ಎಲ್ಲೂ ಬೇಡ."

ಉದಯಶಂಕರ ವಾಂಡಾಳಿಗೆ ಫೋನ್ ಮಾಡಿದ. ಎತ್ತಲಿಲ್ಲ. ಬೆಳಿಗ್ಗೆ ಎದ್ದು ಮಾಡಿದ. ಎತ್ತಲಿಲ್ಲ. ಬಚ್ಚಲುಮನೆಯಿಂದ ಮಾಡಿದ, ಗ್ಯಾರೇಜಿನಿಂದ ಮಾಡಿದ. ಅಡುಗೆಮನೆಗೂ ಹಾಲಿಗೂ ಓಡಾಡಿ ಓಡಾಡಿ ಕಾರ್ಪೆಟ್ಟು ಸವೆಸಿದ.

"ನಿಮ್ಮ ಮ್ಯಾನೇಜರ್ ತಾಯಿಗೆ ಏನಿಷ್ಟ ಇತ್ತು?" ಎಂದು ಕೇಳಿದರು ತುಂಗಮ್ಮ.

"ಅವರಿಗ್ಯಾಕೆ ಅತ್ತೆ?"

"ಮನೇಲಿಟ್ಕೊಂಡು ಉಪವಾಸ ಕೆಡವಕ್ಕಾಗತ್ತಾ? ಅವರ ಮಕ್ಕಳಂತೂ ಮಾಡಲ್ಲ. ನಾವೊಂದು ಎಲೆ ಹಾಕಿದ್ರೆ ಗಂಟೇನು ಹೋಗತ್ತೆ?"

"ಮೀನು," ಎಂದ ಅವನು ಗಾಳವನ್ನು ನೆನೆದು.

ಹೀಗಾಗಿ ವಿಯೆಟ್ನಾಮಿಯರ ಅಂಗಡಿಯಿಂದ ತಂದ ಬಾಳೆಲೆಗಳ ಮೇಲೆ ಎರಡು ಎಡೆ ಸಿದ್ಧವಾಯಿತು. ಊಟದ ಮನೆಯಲ್ಲಿ ಮಾವನವರಿಗೆ ಒಂದು. ಹಾಲಿನಲ್ಲಿ ಚಿತ್ರದ ಮುಂದೆ ಮೇಜು ಹಾಕಿ ಇನ್ನೊಂದು. (ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ತುಂಗಮ್ಮನವರಿಗೆ ಧೈರ್ಯ ಬರಲಿಲ್ಲ. ಗಂಡ ಸತ್ತಿದ್ದರೇನು, ಗಂಡಸಲ್ಲವೇ?) ಹುರಿದ ಮೀನು, ವಡೆ, ಪಾಯಸ, ಮಡಿಸಿಟ್ಟ ಹೊಸ ಸೀರೆ. ಸಾಂಬ್ರಾಣಿ ಹಾಕಿದ್ದಾಯಿತು. ಇನ್ನು ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಆಚೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಇಣುಕಬಾರದು. ಅದು ಮನೆತನದ ಪದ್ಧತಿ.

"ಮುಂದಿನ ಬಾಗಿಲಿಗೆ ಚಿಲಕ ಹಾಕ್ಬೇಡಿ, ಅವರು ಬರೋದು ಹೆಂಗೆ?" ಎಂದು ತುಂಗಮ್ಮನವರು ಇಬ್ಬರನ್ನೂ ಹಿತ್ತಲಿಗೆ ಅಟ್ಟಿಕೊಂಡು ಬಂದರು.

ಹಿತ್ತಲಿನ ಬೇಲಿ ಪಕ್ಕ ಮೂವರೂ ಕೈಕಟ್ಟಿ ನಿಂತರು. ಮನೆ ಮುಂದೆ ಕಾರು ನಿಂತ ಸದ್ದಾಯಿತು. ಉದಯಶಂಕರ ಬಾಗಿಲತ್ತ ಹಾರಿದ. ತುಂಗಮ್ಮ ಅವನ ರಟ್ಟೆ ಹಿಡಿದರು.

"ಬೆಲ್ ಹೊಡೀತಿದೆ ಅತ್ತೆ!"

"ಹೊಡೀಲಿ. ಈಗ ಒಳಗೆ ಹೋದ್ರೆ ಹಿರಿಯರು ಅರ್ಧಕ್ಕೆ ಎದ್ದುಹೋಗ್ತಾರೆ."

ಬೆಲ್ಲು ಇನ್ನೊಮ್ಮೆ ಹೊಡೆದು ನಿಂತಿತು. ಆಮೇಲೆ ಸದ್ದಿಲ್ಲ. ಉದಯಶಂಕರ ಒಂಟಿ ಕಾಲಿನ ಮೇಲೆ ನಿಂತ, ಇನ್ನೊಂದು ಕಾಲಿಗೆ ಬದಲಾಯಿಸಿದ, ಬೆವರಿದ. ಕುಮುದಾ ಬೇಲಿಯ ಮೇಲಿನ ಅಳಿಲನ್ನು ನೋಡುತ್ತಿದ್ದಳು. ಕೊನೆಗೂ ತುಂಗಮ್ಮನವರು ಗಂಟಲು ಸರಿಮಾಡಿಕೊಂಡು, ಬಾಗಿಲಿಗೆ ಬೆರಳಿನಿಂದ ತಟ್ಟಿ, ಮೆಲ್ಲಗೆ ತಳ್ಳಿದರು.

ಸಾಂಬ್ರಾಣಿಯ ಹೊಗೆಯ ನಡುವೆ, ಹಾರ ಹಾಕಿದ ಚಿತ್ರದ ಕೆಳಗೆ, ಬಿಳಿಗೂದಲಿನ ಮುದುಕಿಯೊಬ್ಬಳು ಹೊಸ ಸೀರೆಯನ್ನು ಹೆಗಲಿಗೆ ಹೊದ್ದು ಮೀನು ತಿನ್ನುತ್ತಿದ್ದಳು. ಗದ್ದದ ಮೇಲೆ ಅದೇ ಮಚ್ಚೆ, ಬಾಯಲ್ಲಿ ಅದೇ ನಗು. ಎಲೆಯ ಮೇಲೆ ಪಾಯಸದ ಗುರುತೂ ಉಳಿದಿರಲಿಲ್ಲ.

ತುಂಗಮ್ಮನವರು ಚಿತ್ರ ನೋಡಿದರು, ಮುದುಕಿಯನ್ನು ನೋಡಿದರು, ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದರು.

"ಅಮ್ಮ, ಏಳಮ್ಮ, ಬದುಕಿದಾರೆ!" ಎಂದು ಕುಮುದಾ ಎಬ್ಬಿಸಿದಳು.

"ಬದುಕಿದಾರಾ?" ತುಂಗಮ್ಮ ಅಳಿಯನತ್ತ ತಿರುಗಿದರು. "ತೀರಿಕೊಂಡ್ರು ಅಂದ್ರಲ್ಲ?"

"ಅದು... ತೀರಿಕೊಂಡಿದ್ದು ಅವನ ಚಿಕ್ಕಮ್ಮನಂತೆ, ಅತ್ತೆ. ಗ್ಯಾರಿ ಹೇಳಿದ್ದು ನಂಗೆ ಸರಿಯಾಗಿ ಅರ್ಥ ಆಗಿರಲಿಲ್ಲ."

ವಾಂಡಾಗೆ ಇದೊಂದೂ ತಿಳಿಯಲಿಲ್ಲ. ಅವಳು ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಈ ಚಿತ್ರಕ್ಕೆ ನಿಂತದ್ದಕ್ಕೆ ಅಪ್ಪ ಮನೆಯಿಂದ ಹೊರಹಾಕಿದ್ದ, ಮಕ್ಕಳು ಇವತ್ತಿಗೂ ಆ ಮಾತೆತ್ತಲು ನಾಚುತ್ತಾರೆ, ಐವತ್ತು ವರ್ಷದಿಂದ ಈ ಚಿತ್ರದಲ್ಲಿನ ತನ್ನ ಮುಖವನ್ನು ತಾನೇ ನೋಡಿರಲಿಲ್ಲ, ಗುರುತಿಲ್ಲದ ನೀವು ಹೂವು ದೀಪ ಇಟ್ಟು ಎಲೆ ಹಾಕಿ ಕಾಯುತ್ತಿದ್ದಿರಲ್ಲ ಎಂದು ಹೇಳಿ ಅತ್ತಳು. ಕುಮುದಾ ಪ್ರತಿ ಮಾತನ್ನೂ ಕನ್ನಡ ಮಾಡಿದಳು. ತುಂಗಮ್ಮನವರೂ ಅತ್ತರು. ಉದಯಶಂಕರನೂ ಒಂದು ಕೈಯಿಂದ ಕಣ್ಣೊರೆಸಿಕೊಂಡ. ಆದರೆ ಇನ್ನೊಂದು ಕೈ ಜೇಬಿನಲ್ಲಿದ್ದ ಪೆನ್ನನ್ನು ಬಿಟ್ಟಿರಲಿಲ್ಲ.

"ಬದುಕಿರೋರಿಗೆ ಹಾರ ಹಾಕ್ಬಿಟ್ನಲ್ಲ, ಎಂಥಾ ಅಪಚಾರ!" ತುಂಗಮ್ಮ ಹಾರ ಕಿತ್ತರು, ದೀಪ ಆರಿಸಿದರು. "ಇದು ಇನ್ನೊಂದು ಗಳಿಗೆ ಈ ಗೋಡೆ ಮೇಲೆ ಇರಬಾರದು. ಅಳಿಯಂದ್ರೇ, ಇಳಿಸಿ. ಅವರ ಸಾಮಾನು, ಅವರೇ ಬಂದವ್ರೆ, ಕೈಗೆ ಕೊಟ್ಬಿಡಿ."

"ಅಲ್ಲ ಅತ್ತೆ, ರಿಪೇರಿ ಇನ್ನೂ..."

"ಏನ್ರೀ," ಎಂದಳು ಕುಮುದಾ, ಮುಖದ ಒಂದು ಗೆರೆಯೂ ಅಲ್ಲಾಡದಂತೆ. "ಅವರದ್ದೇ ತಾನೆ? ಇಲ್ಲಾ ನೀವೇನಾದ್ರೂ ದುಡ್ಡು ಕೊಟ್ಟು ತಂದಿದ್ದಾ?"

ಉದಯಶಂಕರ ಬಿಸಿಲು ಬಿದ್ದ ಆ ಕೆನ್ನೆಯನ್ನು ನೋಡಿದ. ಅತ್ತೆಯನ್ನು ನೋಡಿದ. "ಅವರದ್ದೇ," ಎಂದ.

ಕಂಬಳಿಯಲ್ಲಿ ಸುತ್ತಿದವಳು ಕುಮುದಾ. ಅರಿಶಿನ ಕುಂಕುಮದ ಜೊತೆ ತೆಂಗಿನಕಾಯಿ ಕೊಟ್ಟವರು ತುಂಗಮ್ಮ. ಹೊತ್ತುಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಹುಷಾರಾಗಿ ಮಲಗಿಸಿದವನು ಉದಯಶಂಕರ. ವಾಂಡಾ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, ಹಾರ್ನ್ ಹೊಡೆದು, ಜಾರ್ಜ್‌ಟೌನಿನ ದಾರಿ ಹಿಡಿದಳು.

ಕಾರು ತಿರುವಿನಲ್ಲಿ ಮರೆಯಾಗುವ ತನಕ ಗಂಡ ಹೆಂಡಿರು ಡ್ರೈವ್‌ವೇಯಲ್ಲಿ ನಿಂತಿದ್ದರು.

"ಗ್ಯಾರಿ ತಾಯಿನ ನಾನು ಕಂಪನಿ ಪಿಕ್ನಿಕ್‌ನಲ್ಲಿ ನೋಡಿದೀನಿ ರೀ," ಎಂದಳು ಕುಮುದಾ. "ಆರಡಿ ಆಳು. ನನ್ನ ಪಕ್ಕದಲ್ಲೇ ಕೂತು ಆಲೂಗಡ್ಡೆ ಸಲಾಡ್ ತಿಂದ್ರು."

ಉದಯಶಂಕರ ಗಕ್ಕನೆ ಅವಳತ್ತ ತಿರುಗಿದ. "ಮೊದಲನೇ ದಿನಾನೇ ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ." ಅವಳು ಖಾಲಿ ರಸ್ತೆಯನ್ನೇ ನೋಡುತ್ತಿದ್ದಳು. "ಚೆನ್ನಾಗಿತ್ತು ರೀ ಚಿತ್ರ. ಇಷ್ಟಪಟ್ಟು ತಂದೆ ಅಂದಿದ್ರೆ ಅಮ್ಮನ್ನ ನಾನೇ ಒಪ್ಪಿಸ್ತಿದ್ದೆ."

ಅಷ್ಟರಲ್ಲಿ ತುಂಗಮ್ಮನವರು ಕಾರ್ಡ್‌ಲೆಸ್ ಫೋನ್ ಹಿಡಿದು ಬಾಗಿಲಿಗೆ ಬಂದರು. ಅವರ ಮುಖದಲ್ಲಿ ಧನ್ಯತೆ ತುಂಬಿತ್ತು.

"ಅಳಿಯಂದ್ರೇ, ನಿಮ್ಮ ಮ್ಯಾನೇಜರ್‌ಗೆ ಒಂದು ಮಾತು ತಿಳಿಸ್ಬಿಡಿ. ಅವರಮ್ಮ ಬಂದಿದ್ರು, ಹೊಟ್ಟೆ ತುಂಬ ಊಟ ಮಾಡಿದ್ರು, ಸಾಮಾನು ಜೋಪಾನವಾಗಿ ಕೊಟ್ಟು ಕಳಿಸಿದೀವಿ ಅಂತ."

"ಭಾನುವಾರ ಅತ್ತೆ, ಈಗ ಬೇಡ, ನಂಬರ್ ಕೂಡ ನನ್ನತ್ರ..."

"ನಂಗೆ ಗೊತ್ತು," ಎಂದು ಕುಮುದಾ ಫೋನ್ ಈಸಿಕೊಂಡು ನಂಬರ್ ಒತ್ತಿ ಅವನ ಕಿವಿಗೆ ಹಿಡಿದಳು. ಆ ಕಡೆ ಗ್ಯಾರಿ "ಹಲೋ" ಎಂದ.