ಆನವಟ್ಟಿಯ ಅವಿವಾಹಿತ

ಮದುವೆಯಾಗಿಲ್ಲ ಎನ್ನುವುದಕ್ಕೂ ಸರ್ಕಾರದ ಸಾಕ್ಷಿ ಬೇಕಾಗುತ್ತದೆ ಎಂದು ೧೯೯೬ರವರೆಗೆ ಆನವಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಲೆಂಡಿನ ಹೋಟೆಲೊಂದರಲ್ಲಿ ಅಡಿಗೆ ಮಾಡಿಕೊಂಡಿದ್ದ ಶಿವಯೋಗಿ ಆ ವರ್ಷ ಊರಿಗೆ ಬಂದದ್ದೇ ಅದಕ್ಕಾಗಿ. ಅಲ್ಲಿ ಅವನು ಆನೆಕೆ ಎಂಬ ಡಚ್ ಹೆಣ್ಣುಮಗಳ ಜೊತೆ ಒಂದೇ ಮನೆಯಲ್ಲಿದ್ದ. ಮದುವೆಯಾಗಿರಲಿಲ್ಲ. ಆಗದಿದ್ದರೂ ಜೋಡಿಯೆಂದು ಒಪ್ಪಿ ವೀಸಾ ಕೊಡುತ್ತೇವೆ, ಆದರೆ ನಿನ್ನೂರಲ್ಲಿ ಬೇರೆ ಹೆಂಡತಿ ಇಲ್ಲವೆಂದು ಬರೆಸಿಕೊಂಡು ಬಾ ಎಂದಿದ್ದರು ಅಲ್ಲಿಯವರು.

ಬೆಳಿಗ್ಗೆ ಗ್ರಾಮಲೆಕ್ಕಿಗ ಉಚ್ಚಂಗಪ್ಪನವರನ್ನು ಕಂಡರೆ, "ಮಧ್ಯಾಹ್ನ ನಿಮ್ಮ ಓಣಿಗೆ ಬಂದು ನಾಲ್ಕು ಜನರನ್ನ ಕೇಳ್ತೀನ್ರೀ. ಅವರು ಹೇಳಿದಂಗೆ ಬರೀತೀನಿ. ನೀವು ಮಾತ್ರ ಅಲ್ಲಿರಬಾರದು" ಎಂದರು.

ಶಿವಯೋಗಿ ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಮದುವೆಯಾಗಿಲ್ಲವೆಂದು ಬರೆಸಿಕೊಳ್ಳುತ್ತಾನೆಂದರೆ ಹೆಣ್ಣು ಹುಡುಕುತ್ತಿದ್ದಾನೆ ಎಂದೇ ಅರ್ಥವಲ್ಲವೇ. ಎದುರುಮನೆಯ ಲೋಕಮ್ಮ ತಂಗಿಯ ಮಗಳ ಫೋಟೊ ಹಿಡಿದು ಜಗಲಿ ಹತ್ತಿದ್ದಳು. ಅಕ್ಕಿ ಗಿರಣಿಯ ಕಲ್ಲಪ್ಪ ಕುಪ್ಪಗಡ್ಡೆಯಿಂದ ಹೆಣ್ಣಿನ ತಂದೆಯನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ಆ ಯಜಮಾನ ಸಂತೆಯಲ್ಲಿ ಎತ್ತು ನೋಡುವವನಂತೆ ಶಿವಯೋಗಿಯನ್ನು ಒಂದು ಸುತ್ತು ನೋಡಿ, "ಕೂದ್ಲು ಸ್ವಲ್ಪ ಕಮ್ಮಿ. ಅಡ್ಡಿ ಇಲ್ಲ" ಎಂದ.

ಒಳಗೆ ಅವ್ವ ಈಶ್ವರಮ್ಮ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದಳು. ಈಗ ಬಾಯಿ ಬಿಡದಿದ್ದರೆ ಉಪ್ಪಿಟ್ಟಿನ ಹಿಂದೆಯೇ ತಾಂಬೂಲವೂ ಬರುತ್ತದೆಂದು ಶಿವಯೋಗಿ ಬೆವೆತ.

"ನಂಗೆ ಹೆಣ್ಣು ಬ್ಯಾಡ್ರೀ. ಅಲ್ಲಿ ಒಬ್ಬಳ ಜೊತೆ ಇದೀನಿ. ಮದ್ವೆ ಆಗಿಲ್ಲ."

ಒಳಗೆ ಸೌಟಿನ ಸದ್ದು ನಿಂತಿತು. ಲೋಕಮ್ಮ ಫೋಟೊವನ್ನು ಸೆರಗಿನೊಳಗೆ ಸರಿಸಿದಳು. ಓಣಿಗೆ ಹಿರಿಯಳಾದ ವೀರಮ್ಮಜ್ಜಿ ಮಾತ್ರ ಎಲೆಅಡಿಕೆ ಜಗಿಯುತ್ತಲೇ, "ಆ ಹುಡುಗಿ ಉಂಡ್ಳಾ ಬಿಟ್ಳಾ ವಿಚಾರಿಸ್ತೀಯೋ ಇಲ್ಲೋ?" ಎಂದು ಕೇಳಿದಳು.

"ದಿನಾ ನಾನೇ ಅಡಿಗೆ ಮಾಡಿ ಬಡಿಸ್ತೀನಿ, ಅಜ್ಜಿ."

"ಮತ್ತೇನು" ಎಂದಳು ಅಜ್ಜಿ.

ನಿಜ ಹೇಳಿ ಹಗುರಾದ ಶಿವಯೋಗಿ, ವಿಚಾರಣೆ ಮುಗಿಯುವವರೆಗೆ ಊರಲ್ಲೇ ಇರುವುದು ಬೇಡವೆಂದು ಸೊರಬದ ಬಸ್ಸು ಹತ್ತಿದ. ಸಂಜೆ ಹಿಂದಿರುಗಿದಾಗ ಓಣಿಯವರೆಲ್ಲ ಪಂದ್ಯ ಗೆದ್ದವರಂತೆ ಅವನ ಜಗಲಿಯ ಮೇಲೆ ಕೂತಿದ್ದರು. ಕಲ್ಲಪ್ಪ ಮೊಹರು ಬಿದ್ದ ಕಾಗದವನ್ನು ಕೈಗಿಟ್ಟ.

'ಸದರಿ ಶಿವಯೋಗಿ ವಿವಾಹಿತನೆಂದು ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಿದೆ.' ಕೆಳಗೆ ಸಾಕ್ಷಿಗಳ ಸಹಿ. ಮೊದಲನೆಯದು ಅವ್ವನದೇ.

"ಯಾರ್ರೀ ಹಿಂಗೆ ಹೇಳಿದ್ದು?"

"ಎಲ್ರೂ" ಎಂದ ಕಲ್ಲಪ್ಪ. "ನಮ್ಮ ಓಣಿ ಹುಡುಗ ಮದ್ವೆ ಇಲ್ದೆ ಹೆಣ್ಣಿನ ಜೊತೆ ಅದಾನೆ ಅಂತ ಸರ್ಕಾರದ ಮುಂದೆ ಹೇಳೋಕಾಗ್ತದಾ? ತಾಳಗುಂದದ ಗುಡೀಲಿ ಮದ್ವೆ ಆತು ಅಂದ್ವಿ."

"ಹೋಳಿಗೆ ಉಂಡೀನಿ ಅಂತ ನಾನೂ ಹೆಬ್ಬೆಟ್ಟು ಒತ್ತೀನಿ" ಎಂದಳು ವೀರಮ್ಮಜ್ಜಿ.

ಶಿವಯೋಗಿ ಕಾಗದ ಹಿಡಿದು ಅಜ್ಜಿಯ ಪಕ್ಕ ಕೂತ. "ವೀಸಾ ಹೋತು, ಅಜ್ಜಿ. ಇನ್ನು ಅವಳನ್ನ ನಿಜವಾಗ್ಲೂ ಮದ್ವೆ ಆಗ್ತೀನಿ ಅಂದ್ರೂ, ಮದ್ವೆ ಆಗಿಲ್ಲ ಅನ್ನೋ ಕಾಗದಾನೇ ಮೊದ್ಲು ಕೇಳ್ತಾರೆ."

ಅಜ್ಜಿ ಮರುಕದಿಂದ ಅವನ ತಲೆ ಸವರಿದಳು.

"ಹುಚ್ಚಪ್ಪಾ, ಆದೋನು ಮತ್ತೆ ಯಾಕೆ ಆಗ್ತೀಯ?"