ಎದುರು ಪಕ್ಷದ ಅಪ್ಪ

ಮಗಳು: ಅಪ್ಪ, ಇದು ಮೋಸ! ನಾನಿನ್ನೂ "ಮಾನ್ಯ ಅಧ್ಯಕ್ಷರೇ" ಅಂತ ಬಾಯಿ ತೆಗೆದಿಲ್ಲ, ಆಗಲೇ ಖಂಡಿಸ್ತಾ ಇದ್ದೀಯಲ್ಲ!

ಅಪ್ಪ: ಖಂಡಿಸಿ ಮುಗಿದೇ ಹೋಯ್ತು. ನೀನೇನು ಹೇಳ್ತೀಯ ಅಂತ ನಂಗೊತ್ತು. ಅದರ ಮೇಲೆ ನಂದು ಒಂದು ಪಾಯಿಂಟು ಇದೆ.

ಅಮ್ಮ: ಶುರುವಾಯ್ತು.

ಇಸ್ತ್ರಿ ಅಂಗಡಿ ಎಂಟಡಿಗೆ ಹನ್ನೆರಡಡಿ. ಅದರಲ್ಲಿ ಮುಕ್ಕಾಲು ಪಾಲು ಅಪ್ಪನ ಮೇಜು, ಮಿಕ್ಕಿದ್ದರಲ್ಲಿ ಅಮ್ಮನ ಹೊಲಿಗೆ ಯಂತ್ರ, ಅದರಲ್ಲೂ ಮಿಕ್ಕಿದ್ದರಲ್ಲಿ ಮಗಳು. ಗಿರಾಕಿಗಳು ಅಪ್ಪನನ್ನು "ಪಾಯಿಂಟು" ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೇ ಕರೆಯುತ್ತಿದ್ದರು. ಅವನದನ್ನು ಬಿರುದು ಎಂದುಕೊಂಡಿದ್ದ. ಅಂಗಿ ಕೊಡಲು ಬಂದವರ ಜೊತೆ ಹವಾಮಾನದಿಂದ ಹಿಡಿದು ಸರ್ಕಾರದವರೆಗೆ ಎಲ್ಲದರ ಮೇಲೂ ವಾದಿಸಿ, ಇಷ್ಟು ವರ್ಷದಲ್ಲಿ ಒಂದು ಸಲವೂ ಸೋತವನಲ್ಲ. ಗಿರಾಕಿಗಳಿಗೆ ಬೇರೆ ಕೆಲಸವೂ ಇರುತ್ತಿತ್ತು ಎನ್ನುವುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿ ಚರ್ಚಾಸ್ಪರ್ಧೆ. ವಿಷಯ: "ಉನ್ನತ ಶಿಕ್ಷಣದ ವೆಚ್ಚವನ್ನು ವಿದ್ಯಾರ್ಥಿಗಳೇ ಭರಿಸತಕ್ಕದ್ದು." ಗೆದ್ದವರಿಗೆ ಮುಂದಿನ ವರ್ಷದ ಪೂರ್ತಿ ಶುಲ್ಕ ಮನ್ನಾ. ಶುಲ್ಕ ಈ ವರ್ಷ ಒಂದೂವರೆಪಟ್ಟು ಏರಿದೆ. ಮಗಳು ಗೆದ್ದರೆ ಓದು, ಸೋತರೆ ಮುಂದಿನ ವರ್ಷ ಅವಳೂ ಇದೇ ಮೇಜಿನ ಹಿಂದೆ. ಇಷ್ಟರ ಮೇಲೆ ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು "ಪರ". ಶುಲ್ಕ ಕಟ್ಟಲಾಗದ ಹುಡುಗಿ, ಶುಲ್ಕ ಕಟ್ಟಲೇಬೇಕು ಎಂದು ವಾದಿಸಿ ಗೆದ್ದು, ಶುಲ್ಕ ಕಟ್ಟದೆ ಉಳಿಯಬೇಕು. ಅಭ್ಯಾಸಕ್ಕೆ ಎದುರಾಳಿ ಅಪ್ಪ, ತೀರ್ಪುಗಾರ್ತಿ ಅಮ್ಮ. ಏಳು ಸುತ್ತು ಆಗಿತ್ತು, ಏಳನ್ನೂ ಅಪ್ಪನೇ ಗೆದ್ದಿದ್ದ.

ಅಮ್ಮ: ರೀ, ಒಂದೇ ಒಂದು ಸಲ ಸೋಲ್ರೀ. ಮಗೂಗೆ ಧೈರ್ಯ ಬರಲಿ.

ಅಪ್ಪ: ಸೋಲೋಕೆ ನಾನು ಯಾವತ್ತೂ ತಯಾರು ಕಣೇ. ಸೋಲಿಸೋ ಅಂಥ ಮಾತು ಬರಬೇಕಲ್ಲ!

ಅಮ್ಮ: ನಿಮಗೆ ಸೋತು ಅಭ್ಯಾಸವೇ ಇಲ್ಲ. ನನ್ನನ್ನ ನೋಡಿ ಕಲೀರಿ.

ಅಮ್ಮ ಕತ್ತರಿಯಿಂದ ಯಂತ್ರದ ಕಬ್ಬಿಣಕ್ಕೆ ಟಣ್ ಎಂದು ಬಡಿದಳು. ಅದೇ ಗಂಟೆ. ಎಂಟನೆಯ ಸುತ್ತು ಶುರುವಾಯಿತು. ಮಗಳು ಮಾಮೂಲಿಗೆ ಅಪ್ಪನನ್ನು ನೀನು ಎನ್ನುವವಳು, ಗಂಟೆ ಬಡಿದ ಕೂಡಲೇ ಬಹುವಚನಕ್ಕೆ ಹತ್ತಿಬಿಡುತ್ತಿದ್ದಳು.

ಮಗಳು: ಮಾನ್ಯ ಎದುರಾಳಿಗಳೇ, ಪದವಿಯಿಂದ ಲಾಭ ಯಾರಿಗೆ? ಓದಿದವರಿಗೆ. ಹಾಗಾದರೆ ಖರ್ಚೂ ಅವರದೇ ಅಲ್ಲವೇ?

ಅಪ್ಪ: ಡಾಕ್ಟರು ಓದಿದ್ದರ ಲಾಭ ಯಾರಿಗಮ್ಮಾ? ಜ್ವರ ಬಂದವನಿಗೆ. ಜ್ವರ ಬರೋರೆಲ್ಲ ಸೇರಿ ಫೀಸು ಕಟ್ಟಲಿ. ಜ್ವರ ಯಾರಿಗೆ ಬರಲ್ಲ ಹೇಳು?

ಅಮ್ಮ: ಅಪ್ಪನಿಗೆ ಒಂದು ಅಂಕ.

ಮಗಳು: ಸಾಲ ಮಾಡಿ ಓದಲಿ. ಕೆಲಸ ಸಿಕ್ಕಿದ ಮೇಲೆ ತೀರಿಸಲಿ.

ಅಪ್ಪ: ಸಿಗಲಿಲ್ಲ ಅಂದ್ರೆ? ಓದಿದ್ದನ್ನ ಬಿಚ್ಚಿ ವಾಪಸ್ ಕೊಡೋಕಾಗುತ್ತಾ?

ಅಮ್ಮ: ಮಗಳಿಗೆ ಒಂದು ಅಂಕ.

ಅಪ್ಪ: ಅವಳಿಗ್ಯಾಕೆ? ಹೊಡೆದಿದ್ದು ನಾನು!

ಅಮ್ಮ: ನೆಟ್ಟಗೆ ನಿಂತಿದ್ದಾಳೆ. ನೀವು ಮೇಜಿನ ಮೇಲೆ ಒರಗಿದ್ದೀರಿ.

ಅಪ್ಪ ನೆಟ್ಟಗೆ ನಿಂತ. ಮೇಜಿನ ಮೇಲೆ ಅಂಗಾತ ಮಲಗಿದ್ದದ್ದು ಒಂದು ಕರಿಯ ಕೋಟು, ಸಾಮಾನ್ಯರದ್ದಲ್ಲ. ನಾಳಿನ ಸ್ಪರ್ಧೆಗೆ ಅಧ್ಯಕ್ಷರಾಗಿ ಕೂರುವ ಪ್ರೊಫೆಸರದ್ದು. ಸಂಜೆ ಬಂದು ಒಯ್ಯುತ್ತೇನೆಂದು ದುಡ್ಡನ್ನೂ ಮೊದಲೇ ಕೊಟ್ಟು ಹೋಗಿದ್ದರು. ಅಪ್ಪ ಅದನ್ನು ಬೋರಲು ಹಾಕಿ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸತೊಡಗಿದ.

ಮಗಳು ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟಳು. ಅಪ್ಪನನ್ನು ಒಂದು ಕ್ಷಣ ನೋಡಿದಳು.

ಮಗಳು: ದುಡ್ಡು ಕೊಡದೆ ಸಿಕ್ಕಿದ್ದಕ್ಕೆ ಗುಣಮಟ್ಟ ಇರೋದಿಲ್ಲ. ಮಾನ್ಯ ಎದುರಾಳಿಗಳೇ, ಇಪ್ಪತ್ತೆರಡು ವರ್ಷದಿಂದ ಈ ಮೇಜಿನ ಹಿಂದೆ ನಿಂತಿದ್ದೀರಿ. ನೀಟಾಗಿ ಕೆಲಸ ಮಾಡ್ತೀರಿ ಅಂತ ಊರೆಲ್ಲ ಹೆಸರಿದೆ. ಒಂದು ಕರವಸ್ತ್ರವನ್ನಾದರೂ ಪುಕ್ಕಟೆ ಇಸ್ತ್ರಿ ಮಾಡಿಕೊಟ್ಟಿದ್ದೀರಾ? ಕೊಟ್ಟಿದ್ದರೆ ಈ ಹೆಸರು ಉಳೀತಿತ್ತಾ?

ಅಪ್ಪ ಬಾಯಿ ತೆರೆದ. "ನಂದು ಒಂದು" ಎನ್ನುವವರೆಗೆ ಬಂತು. ಪಾಯಿಂಟು ಬರಲಿಲ್ಲ. ಮತ್ತೆ ಬಾಯಿ ತೆರೆದ, ಆಗಲೂ ಬರಲಿಲ್ಲ. ನಾಲಿಗೆಯ ತುದಿಯಲ್ಲಿ, ಗಂಟಲಲ್ಲಿ, ಹೊಟ್ಟೆಯಲ್ಲಿ ಎಲ್ಲಾ ಹುಡುಕಿದ. ಎಲ್ಲೂ ಇರಲಿಲ್ಲ. ಮಗಳು ಅವನನ್ನು ಸೋಲಿಸಿದ್ದಳು! ತಾನು ಎತ್ತಿ ಆಡಿಸಿದ ಕೂಸು ತನ್ನ ಬಾಯಿ ಮುಚ್ಚಿಸಿತಲ್ಲ ಎಂದು ಅವನಿಗೆ ಎಂಥ ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಸೋಲಿನಲ್ಲಿ ಇಷ್ಟು ಸುಖ ಇದೆಯೆಂದು ಗೊತ್ತಿದ್ದರೆ ಮೊದಲೇ ನಾಲ್ಕಾರು ಸಲ ಸೋತಿರಬಹುದಿತ್ತು.

ಅಪ್ಪ: ಸೋತೆ ಕಣಮ್ಮಾ. ನಾನು ಸೋತೆ!

ಅಮ್ಮ: ಅದಿರಲಿ, ಏನದು ಸುಟ್ಟ ವಾಸನೆ?

ಕೋಟಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಊರಿದ್ದ ಕಡೆ, ಹೆಬ್ಬೆರಳು ತೂರುವಷ್ಟು ತೂತು ಬಿದ್ದಿತ್ತು. ಮೂವರೂ ಅದನ್ನು ಬಗ್ಗಿ ನೋಡುತ್ತಿರುವಾಗಲೇ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ನೆನೆದವರ ಮನದಲ್ಲಿ ಎನ್ನುತ್ತಾರೆ. ಪ್ರೊಫೆಸರು ನೆನೆಯುವುದಕ್ಕೂ ಪುರುಸೊತ್ತು ಕೊಡದೆ ಬಂದು ನಿಂತಿದ್ದರು. ಅಪ್ಪ ಕೋಟನ್ನು ಎತ್ತಿ ಎದೆಗೆ ಅವಚಿಕೊಂಡ.

ಪ್ರೊಫೆಸರು: ಕೋಟು ಆಯ್ತಾ?

ಅಪ್ಪ: ಆರ್ತಾ ಇದೆ ಸಾರ್.

ಪ್ರೊಫೆಸರು: ಆರೋದಾ? ಒಗೆಯೋಕೆ ಕೊಟ್ಟಿರಲಿಲ್ಲವಲ್ಲ.

ಅಪ್ಪ: ಬಿಸಿ ಆರ್ತಾ ಇದೆ ಸಾರ್.

ಪ್ರೊಫೆಸರು: ಆರಲಿ. ನಾನು ಬಂದಿದ್ದು ಅದಕ್ಕೊಂದಕ್ಕೇ ಅಲ್ಲ. ಹೇಗೆ ಹೇಳಬೇಕೋ ತಿಳೀತಾ ಇಲ್ಲ. ಒಂದು ಎಡವಟ್ಟಾಗಿದೆ.

ಅಪ್ಪ: ಅಯ್ಯೋ, ನಿಮಗೆ ಆಗಲೇ ಗೊತ್ತಾಗಿಹೋಯ್ತಾ ಸಾರ್?

ಪ್ರೊಫೆಸರು: ಮಧ್ಯಾಹ್ನವೇ ಗೊತ್ತಾಯ್ತು.

ಅಪ್ಪ: ಮಧ್ಯಾಹ್ನ ಚೆನ್ನಾಗಿಯೇ ಇತ್ತಲ್ಲ ಸಾರ್!

ಪ್ರೊಫೆಸರು: ಚೆನ್ನಾಗಿಯೇ ಇತ್ತು. ಆಮೇಲೆ ಕೆಟ್ಟಿತು. ಈಗ ಉಳಿದಿರೋದು ಒಂದೇ ದಾರಿ. ಅದನ್ನ ಇದಕ್ಕೆ, ಇದನ್ನ ಅದಕ್ಕೆ ಮಾಡಿ, ಹಿಂದುಮುಂದು ತಿರುಗಿಸೋದು.

ಅಪ್ಪ: ಹಿಂದುಮುಂದು ತಿರುಗಿಸಿ ಹಾಕ್ಕೊಂಡ್ರೂ ಮುಚ್ಚಲ್ಲ ಸಾರ್. ತೂತು ದೊಡ್ಡದು!

ಪ್ರೊಫೆಸರು: ತೂತಾ?

ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅಪ್ಪ ಕೋಟು ತೋರಿಸಿದ. ಪ್ರೊಫೆಸರು ತೂತಿನೊಳಗೆ ಬೆರಳು ತೂರಿಸಿ, ಆ ಕಡೆಯಿಂದ ಬಂದ ಸ್ವಂತ ಬೆರಳನ್ನೇ ಅಪರಿಚಿತರನ್ನು ನೋಡುವಂತೆ ನೋಡಿದರು.

ಪ್ರೊಫೆಸರು: ನಾಳೆ ಹತ್ತು ಗಂಟೆಗೆ ನಾನು ವೇದಿಕೆ ಮೇಲಿರಬೇಕು, ಮಾರಾಯ! ಇರೋದು ಇದೊಂದೇ ಕೋಟು.

ಅಪ್ಪ: ಇದು ಶಿಕ್ಷಣಕ್ಕಾಗಿ ಸುಟ್ಟಿದ್ದು ಸಾರ್. ಶಿಕ್ಷಣದ ಭಾರ ಎಲ್ಲರೂ ಹಂಚ್ಕೋಬೇಕು ಅನ್ನೋದು ನನ್ನ ಪಾಯಿಂಟು. ಹಾಗೆ ನೋಡಿದ್ರೆ ಇದರಲ್ಲಿ ನಿಮ್ಮ ಪಾಲೂ...

ಮಗಳು: ಸುಟ್ಟವರೇ ಭರಿಸತಕ್ಕದ್ದು, ಅಪ್ಪ.

ಅಪ್ಪ: ನೀನು ಯಾರ ಪಕ್ಷಾನೇ?

ಪ್ರೊಫೆಸರು: ಅದನ್ನೇ ಹೇಳೋಕೆ ಬಂದೆ. ಅವಳ ಪಕ್ಷ ಬದಲಾಯ್ತು.

ನಾಳೆ ಸ್ಪರ್ಧೆಯಲ್ಲಿ ಅವಳ ಎದುರಾಳಿಯಾಗಿದ್ದ ಹುಡುಗನ ತಂದೆ ವಿಶ್ವವಿದ್ಯಾಲಯದ ಖಜಾಂಚಿಯಂತೆ. ಶುಲ್ಕ ಬೇಡವೆಂದು ವಾದಿಸಿದರೆ ಮನೆಯಲ್ಲಿ ಊಟ ಹಾಕುವುದಿಲ್ಲ ಎಂದುಬಿಟ್ಟಿದ್ದಾರಂತೆ. ಹುಡುಗ ಊಟದ ಪಕ್ಷ ಸೇರಿದ. ಇಬ್ಬರನ್ನೂ ಅದಲುಬದಲು ಮಾಡದೆ ವಿಧಿಯಿರಲಿಲ್ಲ, ನೀನು ಒಪ್ಪಬೇಕು ತಾಯಿ, ಎಂದರು ಪ್ರೊಫೆಸರು. ಸುಟ್ಟ ಕೋಟನ್ನು ನಡುವೆ ಇಟ್ಟುಕೊಂಡು ಒಲ್ಲೆ ಎನ್ನುವ ಧೈರ್ಯ ಅಪ್ಪ ಮಗಳು ಇಬ್ಬರಿಗೂ ಇರಲಿಲ್ಲ.

ಅಪ್ಪ: ಬಂತಲ್ಲ ನಮ್ಮ ಕಾಲ! ಎಂಟು ಸುತ್ತು ಆ ಪಕ್ಷದಲ್ಲಿ ನಿಂತು ಮಾತಾಡಿದ್ದು ನಾನೇ. ಜ್ವರದ ಪಾಯಿಂಟು ತಗೋ, ಸಾಲದ ಪಾಯಿಂಟು ತಗೋ!

ಮಗಳು: ಅದೆಲ್ಲ ಇದೆ ಅಪ್ಪ. ಆದ್ರೆ ಪುಕ್ಕಟೆ ಸಿಕ್ಕಿದ್ದಕ್ಕೆ ಗುಣಮಟ್ಟ ಇರಲ್ಲ ಅಂತ ಆ ಹುಡುಗನೂ ಹೇಳೇ ಹೇಳ್ತಾನೆ. ಅದಕ್ಕೇನು ಹೇಳಲಿ?

ಅದಕ್ಕೆ ಅಪ್ಪನ ಹತ್ತಿರ ಉತ್ತರವಿದ್ದಿದ್ದರೆ ಕೋಟಿಗೆ ತೂತೇ ಬೀಳುತ್ತಿರಲಿಲ್ಲ.

ಅರ್ಧ ಗಂಟೆ ಕಳೆಯಿತು. ಪ್ರೊಫೆಸರು ಸ್ಟೂಲಿನ ಮೇಲೆ ಕೂತು ತಾವೂ ತಲೆ ಕೆಡಿಸಿಕೊಂಡರು. ಪಕ್ಷ ಬದಲಿಸಿದ ತಪ್ಪು ತಮ್ಮದೂ ಹೌದು ಎಂಬ ಅಳುಕು ಅವರಿಗಿತ್ತು.

ಅಪ್ಪ: ಗುಣಮಟ್ಟಕ್ಕೂ ದುಡ್ಡಿಗೂ ಸಂಬಂಧ ಇಲ್ಲ ಅಂದ್ಬಿಡು. ನಮ್ಮ ಸಾರು ಮುಂಗಡವಾಗಿ ಪೂರ್ತಿ ದುಡ್ಡು ಕೊಟ್ಟಿದ್ರು. ಆದ್ರೂ ಸುಟ್ಟೆನಲ್ಲ?

ಪ್ರೊಫೆಸರು: ಅದನ್ನ ವೇದಿಕೆ ಮೇಲೆ ಹೇಳಬೇಡಮ್ಮಾ. ನಾನು ಅಲ್ಲೇ ಕೂತಿರ್ತೀನಿ.

ಅಪ್ಪ: ಸರಿ ಸಾರ್, ದುಡ್ಡು ವಾಪಸ್. ಇವತ್ತಿನ ಇಸ್ತ್ರಿ ಉಚಿತ.

ಮಗಳು: ಹಾಗಂದ್ರೆ ಇನ್ನೂ ಕೆಟ್ಟಿತು! ಉಚಿತ ಅಂದ್ರೆ ಸುಟ್ಟುಹೋಗುತ್ತೆ ಅಂತ ಆಗುತ್ತೆ.

ಅವಳ ಮುಂದಿನ ವರ್ಷದ ಓದು ಈ ಒಂದು ಮಾತಿಗೆ ಸಿಕ್ಕಿಹಾಕಿಕೊಂಡಿತ್ತು. ಊರಿಗೆಲ್ಲ ಪಾಯಿಂಟು ಹಂಚಿದ ತನ್ನ ಹತ್ತಿರ ಮಗಳಿಗೆ ಕೊಡಲು ಒಂದಿಲ್ಲವಲ್ಲ ಎಂದು ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಮೂಲೆಗೆ ಸರಿಸಿದ.

ಅಷ್ಟರಲ್ಲಿ ಅಮ್ಮ ಹಲ್ಲಿನಿಂದ ದಾರ ಕಡಿದಳು. ಕೋಟು ಯಾವಾಗ ಅವಳ ಮಡಿಲಿಗೆ ಹೋಗಿತ್ತೋ ಯಾರೂ ಗಮನಿಸಿರಲಿಲ್ಲ. ಒಳಮಡಿಕೆಯಿಂದ ತುಂಡು ಕತ್ತರಿಸಿ, ಎಳೆಗೆ ಎಳೆ ಕೂಡಿಸಿ ತೇಪೆ ಹಾಕಿದ್ದಳು. ಪ್ರೊಫೆಸರು ಕೋಟನ್ನು ಬೆಳಕಿಗೆ ಹಿಡಿದರು. ಬೆರಳಿಂದ ಸವರಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

ಪ್ರೊಫೆಸರು: ಎಲ್ಲಮ್ಮಾ ಇತ್ತು ತೂತು?

ಅಮ್ಮ: ಇತ್ತು ಎಲ್ಲೋ.

ಪ್ರೊಫೆಸರು: ಅಬ್ಬಾ! ಎಷ್ಟು ಕೊಡಲಿ ಇದಕ್ಕೆ?

ಅಪ್ಪ: ಛೆ ಛೆ, ಅದಕ್ಕೆಂಥ ದುಡ್ಡು ಸಾರ್? ಅವಳು ಮನೆಯವಳು. ಸುಮ್ಮನೆ ಮಾಡ್ತಾಳೆ.

ಅಮ್ಮ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟಳು.

ಅಮ್ಮ: ಹೌದು ಸಾರ್, ಸುಮ್ಮನೆ ಮಾಡ್ತೀನಿ. ಇಪ್ಪತ್ತೆರಡು ವರ್ಷದಿಂದ ಸುಮ್ಮನೆ ಮಾಡ್ತಿದ್ದೀನಿ. ಅಡುಗೆ, ಪಾತ್ರೆ, ಗುಂಡಿ, ತೇಪೆ, ಇವರು ಸುಟ್ಟಿದ್ದನ್ನೆಲ್ಲ ಸರಿಮಾಡೋದು, ಮೇಲೆ ಇವರ ಪಾಯಿಂಟು ಕೇಳೋದು. ಒಂದು ದಿನ ಒಂದು ಕಾಸು ಕೇಳಿಲ್ಲ. ಗುಣಮಟ್ಟದಲ್ಲಿ ಏನಾದ್ರೂ ಕಮ್ಮಿ ಆಗಿದ್ರೆ ಹೇಳಿ.

ಅಪ್ಪ ತನ್ನ ಅಂಗಿಯ ಗುಂಡಿಗಳನ್ನು ನೋಡಿಕೊಂಡ. ಎಲ್ಲವೂ ಇದ್ದವು, ಗಟ್ಟಿಯಾಗಿ. ಅವು ತಾವಾಗಿಯೇ ಉಳಿದುಕೊಂಡು ಬಂದಿವೆ ಎಂದು ಅವನು ಇಷ್ಟು ವರ್ಷ ತಿಳಿದಿದ್ದ.

ಪ್ರೊಫೆಸರು ಕೋಟು ತೊಟ್ಟು ಎದ್ದು ನಿಂತರು. "ನಾಳೆ ಅಂಕ ಕೊಡುವವರು ಬೇರೆಯವರು, ನಾನೇನೂ ಕೇಳಿಸಿಕೊಂಡಿಲ್ಲ" ಎಂದು ಹೇಳಿ, ಅಮ್ಮನಿಗೆ ಕೈಮುಗಿದು ಹೊರಟುಹೋದರು.

ಮಗಳು: ಅಮ್ಮಾ! ಅಮ್ಮಾ, ಇನ್ನೊಂದು ಸಲ ಹೇಳೇ. ಹಾಗೇ ಹೇಳು, ಒಂದಕ್ಷರ ಬಿಡದೆ. ಬರ್ಕೋತೀನಿ.

ಅಮ್ಮ: ಬರ್ಕೋ. ಆದ್ರೆ ಇನ್ನು ಮೇಲೆ ಪುಕ್ಕಟೆ ಇಲ್ಲ. ಈ ಮಾತಿಗೆ ಶುಲ್ಕ ಇದೆ. ಇವತ್ತಿಂದ ಒಂದು ವಾರ ಅಡುಗೆ, ಪಾತ್ರೆ ಎರಡೂ ಎದುರು ಪಕ್ಷದವರದ್ದು.

ಅಪ್ಪ: ಅಲ್ಲ ಕಣೇ, ಅದರ ಮೇಲೆ ನಂದು ಒಂದು ಪಾಯಿಂಟು...

ಅಮ್ಮ ಕತ್ತರಿಯಿಂದ ಟಣ್ ಎಂದು ಬಡಿದಳು.

ಅಮ್ಮ: ಸಮಯ ಮುಗೀತು.