ಲಾಂಚಿಗೆ ಮೀಸೆ ಬಂದದ್ದು

ಹಲ್ಲಿನ ಡಾಕ್ಟರ ಮುಂದೆ ಎಂಥ ಗಂಡೆದೆಯವರೂ ಬಾಯಿ ತೆರೆದು ಅಲುಗಾಡದೆ ಕೂರುತ್ತಾರೆ. ಸಾಗರದಲ್ಲಿ ಹಲ್ಲು ಕೀಳುತ್ತಾ ಈ ಸುಖಕ್ಕೆ ಒಗ್ಗಿಹೋದ ನಾನು, ನಡುವಯಸ್ಸಿನಲ್ಲಿ ಚಿತ್ರ ಬರೆಯಲು ಹೊರಟು ಆರಿಸಿಕೊಂಡದ್ದು ನಿಂತಲ್ಲಿ ನಿಲ್ಲದ ವಸ್ತುವನ್ನು: ಶರಾವತಿ ಹಿನ್ನೀರಿನಲ್ಲಿ ಜನ, ಜೀಪು, ಜಾನುವಾರುಗಳನ್ನು ದಾಟಿಸುವ ಲಾಂಚು. ಊರಿನ ಕಲಾಪ್ರದರ್ಶನಕ್ಕೆ ಚಿತ್ರ ಕೊಡುತ್ತೇನೆಂದು ಎಲ್ಲರಿಗೂ ಸಾರಿಯೂ ಆಗಿತ್ತು.

ಭಾನುವಾರ ದಡದಲ್ಲಿ ಕೂತು ಇದ್ದಿಲ ಕಡ್ಡಿಯಿಂದ ಲಾಂಚಿನ ಮೂತಿ ಬರೆಯುವಷ್ಟರಲ್ಲಿ ಅದು ಹೊರಟೇಹೋಯಿತು. ಮರಳಿ ಬಂದಾಗ ತಿರುಗಿ ನಿಂತು ನನಗೆ ಬೆನ್ನು ತೋರಿಸಿತು. "ಮನೆಯಲ್ಲಿ ಬಾಳೆಗೊನೆ ಇತ್ತಲ್ಲ, ಅದು ಎಲ್ಲಿಗೂ ಹೋಗುತ್ತಿರಲಿಲ್ಲ" ಎಂದರು, ಕೊಡೆ ಹಿಡಿದು ನಿಂತಿದ್ದ ನನ್ನವರು.

ಅಷ್ಟರಲ್ಲಿ ಚಾಲಕ ಕನ್ನಪ್ಪ ಇಳಿದು ಬಂದು ಇಣುಕಿದ. "ಚಂದ ಆಗೈತೆ ಮೇಡಂ. ಆದ್ರೆ ಇದ್ರಲ್ಲಿ ನಾನೆಲ್ಲಿದೀನಿ?"

"ಸ್ವಲ್ಪ ಹೊತ್ತು ಲಾಂಚು ನಿಲ್ಲಿಸಿದರೆ ನಿನ್ನನ್ನೂ ಬರೆಯುತ್ತೇನಪ್ಪ" ಎಂದು ಲಂಚ ಒಡ್ಡಿದೆ.

"ಮೀಸೆ ಸೇರಿಸ್ತೀರಾ?"

"ಎರಡೂ ಕಡೆ."

ಕನ್ನಪ್ಪ ಮತ್ತೆ ಲಾಂಚು ಹತ್ತಿ, ಮೀಸೆ ತೀಡಿ, ಕಟಕಟೆ ಹಿಡಿದು, ಯುದ್ಧಕ್ಕೆ ಹೊರಟವನಂತೆ ನಿಂತ. ನಾನು ನೀಲಿ ಪೇಸ್ಟಲ್ ಬಣ್ಣದ ಕಡ್ಡಿ ತಿಕ್ಕಿ ಹಾಳೆಯ ಮೇಲೆ ನೀರು ಬರೆಯುತ್ತಾ ಮೈಮರೆತೆ. ಲಾಂಚು ತುಂಬಿದ್ದನ್ನು ನಾನು ನೋಡಲಿಲ್ಲ, ಅವನು ನೋಡಲು ಕತ್ತು ತಿರುಗಿಸಲಿಲ್ಲ. ಕೊನೆಗೆ ರೇಷ್ಮೆ ಸೀರೆಯ ಅಜ್ಜಿಯೊಬ್ಬರು ದಡಕ್ಕಿಳಿದು ಗುಡುಗಿದರು: "ಎಂತ ಮಾಡ್ತಾ ಇದ್ಯೇ ತಂಗಿ? ಆಚೆ ದಡದಲ್ಲಿ ಹುಡುಗಿ ಮಂಟಪದಲ್ಲಿ ಕೂತಿದ್ದು, ಹುಡುಗ ಇಲ್ಲಿದ್ದ!"

ನೋಡಿದರೆ ಲಾಂಚಿನ ಮಧ್ಯೆ ಬಾಸಿಂಗ ಕಟ್ಟಿದ ಮದುಮಗನೇ ಬೆವರುತ್ತಾ ನಿಂತಿದ್ದಾನೆ! ಓಡಿಹೋಗಿ ಕ್ಷಮೆ ಕೇಳುವ ಭರದಲ್ಲಿ ಕಾಲು ಜಾರಿತು. ಆಸರೆಗೆ ಚಾಚಿದ ನನ್ನ ಇದ್ದಿಲ ಮಸಿಗೈ ಮದುಮಗನ ಕೆನ್ನೆಗೇ ಬಿತ್ತು. ಇಡೀ ದಿಬ್ಬಣ ನನ್ನತ್ತ ತಿರುಗಿತು. ಇನ್ನು ನನ್ನನ್ನು ಹಿನ್ನೀರಿಗೇ ಎಸೆಯುತ್ತಾರೆಂದುಕೊಂಡೆ. ಅಜ್ಜಿ ಮಾತ್ರ ಆ ಕಪ್ಪು ಗುರುತನ್ನು ತಿರುತಿರುಗಿ ನೋಡಿ, "ಅಡ್ಡಿಲ್ಲೆ ಬಿಡು, ದೃಷ್ಟಿಬೊಟ್ಟು ಆತು. ಲಾಂಚು ಬಿಡಾ ಮಾರಾಯ!" ಎಂದರು. ಮದುಮಗ ಹೊರಡುತ್ತಾ ಮೆಲ್ಲಗೆ ಕೇಳಿದ, "ನನ್ನನ್ನೂ ಬರೀತೀರಾ?"

ಧಾರೆ ಸಕಾಲಕ್ಕೆ ಮುಗಿಯಿತಂತೆ. ನಾನು ಮನೆಗೆ ಬಂದು ಕನ್ನಪ್ಪನನ್ನು ಬರೆದೆ, ಮದುಮಗನನ್ನು ಬರೆದೆ, ಅಜ್ಜಿಯನ್ನು ಬಿಟ್ಟರೆ ಉಳಿಗಾಲವಿಲ್ಲವೆಂದು ಅವರನ್ನೂ ಬರೆದೆ. ಇಷ್ಟು ಜನ ಹತ್ತಿದ ಮೇಲೆ ಲಾಂಚಿಗೆ ಜಾಗವೇ ಉಳಿಯಲಿಲ್ಲ.

ಪ್ರದರ್ಶನದ ದಿನ ಹಿರಿಯರೊಬ್ಬರು ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಮದುವೆಮನೆಯ ಚಿತ್ರ ಎಷ್ಟು ಸಹಜವಾಗಿದೆ! ನೀವು ದೋಣಿ ಗೀಣಿ ಎಂದು ಹೋಗದೆ ಮನುಷ್ಯರನ್ನೇ ಬರೆಯುವುದು ಒಳ್ಳೆಯದು" ಎಂದರು.

ನಾನು ಗಂಭೀರವಾಗಿ ತಲೆಯಾಡಿಸಿ, ಮೊದಲಿನಿಂದಲೂ ನನ್ನ ಒಲವು ಆ ಕಡೆಗೇ ಎಂದೆ.